ಪರಂಗಿ, ಮರಗೆಣಸು, ಬಸಿದ ನೀರು

ತೋಟಗಾರಿಕೆ ಇಲಾಖೆಗೆ ಹೊಸದಾಗಿ ಸೇರಿದ ನನ್ನ ತಂಗಿಯ ಮೊಮ್ಮಗಳು ಹೋದ ತಿಂಗಳು ಮನೆಗೆ ಬಂದಿದ್ದಳು. ಮನೆಯ ಹಿತ್ತಲಿಗೆ ಹಣ್ಣಿನ ಮರ ಮೇಲೋ, ಗೆಡ್ಡೆ ತರಕಾರಿ ಮೇಲೋ ಎಂದು ಒಂದು ಪುಟ ಬರೆದುಕೊಂಡು ಬಾ ಎಂದು ಆಫೀಸಿನಲ್ಲಿ ಹೇಳಿದ್ದಾರಂತೆ. "ತಾತ, ಯುದ್ಧದ ಕಾಲದಲ್ಲಿ ನೀವು ಇದೇ ಕೆಲ್ಸ ಮಾಡ್ತಿದ್ರಂತಲ್ಲ, ಎರಡು ಮಾತು ಹೇಳಿ, ಬರ್ಕೊಂಡು ಹೋಗ್ತೀನಿ" ಎಂದಳು. ಎರಡು ಮಾತಿನಲ್ಲಿ ಮುಗಿಯುವ ಪ್ರಶ್ನೆಯೇ ಅದು. ಆದರೆ ನಾನು ಕಾಫಿ ಕುಡಿದು ಹೋಗಮ್ಮ ಎಂದು ಕಳಿಸಿಬಿಟ್ಟೆ. ಅಂದಿನಿಂದ ನಿದ್ದೆ ಸರಿಯಿಲ್ಲ. ಅದಕ್ಕೇ ಈ ಕಾಗದ ತೆಗೆದುಕೊಂಡು ಕೂತಿದ್ದೇನೆ. ಯಾವ ವರ್ಷ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಓದುವ ಕರ್ಮ ನಿಮಗೆ ಬೇಡ. ಈ ಕೆಲಸಕ್ಕೆ ಬರುವವರಿಗೆ ಉಪಯೋಗಕ್ಕೆ ಬರುವುದು ನಾನು ಕೆಡಿಸಿದ ಕೆಲಸವೇ.

ನಾನು ಹುಟ್ಟಿದ್ದು ಕೃಷ್ಣರಾಜಪುರದ ಆಚೆಯ ಒಂದು ಹಳ್ಳಿಯಲ್ಲಿ. ಕೆಲಸಕ್ಕೆ ಸೇರಿದ್ದು ದಂಡಿನಲ್ಲಿ. ನೀವು ಈಗ ಕಂಟೋನ್ಮೆಂಟ್ ಎನ್ನುವುದನ್ನು ಆಗ ನಮ್ಮ ಕಡೆಯವರು ದಂಡು ಎಂದೇ ಕರೆಯುತ್ತಿದ್ದರು. ಬರ್ಮಾ ಜಪಾನಿನವರ ಕೈಗೆ ಹೋಗಿ ಅಲ್ಲಿಂದ ಬರುವ ಅಕ್ಕಿ ನಿಂತುಹೋಗಿತ್ತು. ರೇಷನ್ ಅಂಗಡಿಯ ಮುಂದೆ ಹೊತ್ತು ಹುಟ್ಟುವ ಮೊದಲೇ ಸಾಲು ನಿಲ್ಲುತ್ತಿತ್ತು, ಸಾಲಿನ ಕೊನೆಯವರು ಬರಿ ಚೀಲ ಹಿಡಿದು ವಾಪಸು ಹೋಗುತ್ತಿದ್ದರು. ಹಿತ್ತಲಿರುವವರೆಲ್ಲ ಏನಾದರೂ ತಿನ್ನುವ ಪದಾರ್ಥ ಬೆಳೆಯಲಿ ಎಂದು ಸರ್ಕಾರ ತೀರ್ಮಾನಿಸಿ, ಅದನ್ನು ಮನೆ ಮನೆಗೆ ಹೋಗಿ ಹೇಳುವುದಕ್ಕೆ ನಮ್ಮಂಥವರನ್ನು ನೇಮಿಸಿತು. ಹುದ್ದೆಗೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿತ್ತು. ಜನ ಮಾತ್ರ ಗೆಣಸಿನ ಮೇಷ್ಟ್ರು ಎನ್ನುತ್ತಿದ್ದರು. ಸೈಕಲ್ಲಿನ ಹಿಂದೆ ಮರಗೆಣಸಿನ ಕಡ್ಡಿಗಳ ಕಟ್ಟು, ಜೇಬಿನಲ್ಲಿ ಪರಂಗಿ ಬೀಜದ ಪೊಟ್ಟಣ, ಇಷ್ಟೇ ನನ್ನ ಸಾಮಾನು. ಶಿವಾಜಿನಗರಕ್ಕೆ ಆಗ ಬ್ಲ್ಯಾಕ್‌ಪಳ್ಳಿ ಎಂಬ ಹೆಸರು. ಇಂದಿರಾನಗರ ಇರಲೇ ಇಲ್ಲ. ಅಲ್ಲಿ ಬಿನ್ನಮಂಗಲ, ದೂಪನಹಳ್ಳಿ ಎಂಬ ಹಳ್ಳಿಗಳೂ ಅವುಗಳ ರಾಗಿ ಹೊಲಗಳೂ ಇದ್ದವು.

ನಮ್ಮ ಮೇಲಧಿಕಾರಿ ಒಬ್ಬ ಇಂಗ್ಲಿಷಿನವರು. ಕೆಟ್ಟವರಲ್ಲ. ಯುದ್ಧ ಶುರುವಾದಾಗ ತಮ್ಮ ಬಂಗಲೆಯ ಗುಲಾಬಿ ಮಡಿಗಳನ್ನು ತಾವೇ ನಿಂತು ಅಗೆಸಿ ಆಲೂಗೆಡ್ಡೆ ಹಾಕಿಸಿದವರು. ಗಿಡದ ಭಾಷೆ ಅವರಿಗೆ ಚೆನ್ನಾಗಿ ಬರುತ್ತಿತ್ತು, ನಮ್ಮ ಯಾವ ಭಾಷೆಯೂ ಬರುತ್ತಿರಲಿಲ್ಲ. ಹಲಸೂರಿನಲ್ಲಿ ಕೆರೆಯ ಹತ್ತಿರ ಅವರು ಒಂದು ತುಂಡು ನೆಲದಲ್ಲಿ ಒಂದು ಪಕ್ಕ ಪರಂಗಿ, ಇನ್ನೊಂದು ಪಕ್ಕ ಮರಗೆಣಸು ಹಾಕಿಸಿದ್ದರು. ನಡುವೆ ಓಡಾಡಲು ದಾರಿ. ಜನರನ್ನು ಆ ದಾರಿಯಲ್ಲಿ ನಿಲ್ಲಿಸಿ ಎಡಕ್ಕೂ ಬಲಕ್ಕೂ ಕೈ ತೋರಿಸಿ ಹೇಳುವುದು ನನ್ನ ಪಾಲಿನ ಕೆಲಸ.

ನನ್ನ ಮಾತು ಹೀಗಿರುತ್ತಿತ್ತು. ಪರಂಗಿ ವರ್ಷದೊಳಗೆ ಕಾಯಿ ಬಿಡುತ್ತದೆ, ಬಚ್ಚಲ ನೀರು ಸಾಕು, ಮಕ್ಕಳ ಕಣ್ಣಿಗೆ ಒಳ್ಳೆಯದು. ಆದರೆ ಹಣ್ಣು ಹಣ್ಣೇ, ಹೊಟ್ಟೆ ತುಂಬುವುದಿಲ್ಲ. ಬೀಜದಿಂದ ಬಂದದ್ದು ಗಂಡೋ ಹೆಣ್ಣೋ ಹೂ ಬಿಡುವ ತನಕ ತಿಳಿಯುವುದಿಲ್ಲ. ಮರಗೆಣಸಿಗೆ ನೀರೂ ಬೇಡ, ಗೊಬ್ಬರವೂ ಬೇಡ, ಕಡ್ಡಿ ಚುಚ್ಚಿ ಮರೆತರೂ ಕೆಳಗೆ ಗೆಡ್ಡೆ ಇಳಿಯುತ್ತದೆ. ಒಂದು ಪರಂಗಿ ನಿಲ್ಲುವ ಜಾಗದಲ್ಲಿ ನಾಲ್ಕು ಮರಗೆಣಸು ನಿಲ್ಲುತ್ತದೆ. ಮನೆಮಂದಿಯೆಲ್ಲ ಉಣ್ಣಬಹುದು. ಕೊನೆಗೆ ಒಂದು ಮಾತನ್ನು ಜೋರಾಗಿ ಹೇಳುತ್ತಿದ್ದೆ, ಏಕೆಂದರೆ ದಂಡಿನಲ್ಲಿ ಹೆಗ್ಗಣದ ಕಾಟ ವಿಪರೀತ. ನಾವು ಹಂಚುವ ಈ ತಳಿಯನ್ನು ಹೆಗ್ಗಣ ಕೂಡ ಮುಟ್ಟುವುದಿಲ್ಲ ಎನ್ನುತ್ತಿದ್ದೆ. ಜನ ತಲೆದೂಗುತ್ತಿದ್ದರು. ಹೆಗ್ಗಣ ಯಾಕೆ ಮುಟ್ಟುವುದಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಅದು ಕಹಿ ತಳಿ, ಬೇಯಿಸಿ ನೀರು ತೆಗೆಯದಿದ್ದರೆ ವಿಷ ಎಂಬುದು ನನಗೆ ಗೊತ್ತಿತ್ತು. ಅದನ್ನೂ ಹೇಳುತ್ತಿದ್ದೆ, ಆದರೆ ಮೆಲ್ಲಗೆ, ಅಡುಗೆಯ ವಿಚಾರ ಎಂಬಂತೆ.

ಮೊದಲ ಪೆಟ್ಟು ತಿಂದದ್ದು ಪರಂಗಿಯಿಂದ. ಕಾಕ್ಸ್ ಟೌನಿನಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ವೃದ್ಧೆ ಒಬ್ಬರೇ ಇದ್ದರು. ಮಗ ಮಲಯದ ಕಡೆ ಯುದ್ಧಕ್ಕೆ ಹೋಗಿದ್ದ, ಸಿಂಗಾಪುರ ಬಿದ್ದ ಮೇಲೆ ಕಾಗದವಿಲ್ಲ. ಅವನು ಬರುವಷ್ಟರಲ್ಲಿ ಹಣ್ಣಾಗಿರಲಿ ಎಂದು ನನ್ನಿಂದ ನಾಲ್ಕು ಪರಂಗಿ ಸಸಿ ಇಸಿದುಕೊಂಡು, ದಿನಾ ತಾವೇ ನೀರು ಹೊತ್ತು ಬೆಳೆಸಿದರು. ನಾಲ್ಕೂ ಗಂಡಾದವು. ಕಡಿದುಬಿಡಿ, ಬೇರೆ ಕೊಡುತ್ತೇನೆ ಎಂದೆ. ಕಡಿಸಲಿಲ್ಲ. ಹೂವಾದರೂ ಬಿಡುತ್ತವಲ್ಲ ಎಂದರು. ಯುದ್ಧ ಮುಗಿದು ಉಳಿದವರೆಲ್ಲ ಊರಿಗೆ ಬಂದ ವರ್ಷವೂ ಆ ನಾಲ್ಕು ಮರ ಅಲ್ಲೇ ಇದ್ದವು. ಮಗ ಬರಲಿಲ್ಲ. ಆ ಬೀದಿಯಲ್ಲಿ ನಾನು ಸೈಕಲ್ಲಿನಿಂದ ಇಳಿಯದೆ ಹೋಗುತ್ತಿದ್ದೆ.

ಬ್ಲ್ಯಾಕ್‌ಪಳ್ಳಿಯಲ್ಲಿ ಪರಂಗಿ ಎಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮನೆಯಲ್ಲಿ ಬಸುರಿ ಸೊಸೆ ಇದ್ದಾಳೆ, ಆ ಮರದ ನೆರಳೂ ಬೇಡ ಎಂದು ಒಬ್ಬ ಮುಸ್ಲಿಂ ಅಜ್ಜಿ ನನ್ನನ್ನು ಅಂಗಳದಿಂದಲೇ ಓಡಿಸಿದ್ದರು. ಮರಗೆಣಸಿನ ಕಡ್ಡಿ ತೋರಿಸಿದ ಮೇಲೆ ಕರೆದು ಕೂರಿಸಿದರು. ನನ್ನ ಉರ್ದು ಹರಕು ಮುರುಕು. ಹೇಗೋ "ಪಕಾಕೆ ಪಾನಿ ಫೇಕ್ ದೇನಾ ಅಮ್ಮಾ, ಪಾನಿ ಜಹರ್" ಎಂದೆ. ಬೇಯಿಸಿ ನೀರು ಎಸೆಯಿರಿ, ನೀರು ವಿಷ ಎಂದು. ಹಲಸೂರಿನ ಹಿಂಬದಿಯಲ್ಲಿ ತಮಿಳು ಬೌದ್ಧರ ಕೆಲವು ಮನೆಗಳಿದ್ದವು. ಅಲ್ಲಿ ನನ್ನ ತಮಿಳು ಇನ್ನೂ ಮೋಸ. "ತಣ್ಣಿ ಕೀಳೆ ಊತ್ತಿಡುಂಗ, ತಣ್ಣಿ ವಿಷಂ" ಎನ್ನುತ್ತಾ ಪಾತ್ರೆ ಬಗ್ಗಿಸಿ ಸುರಿಯುವ ಅಭಿನಯವನ್ನೂ ಮಾಡಿದೆ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೆ ಅವಮಾನವಾಗಿತ್ತು. ಈ ಎರಡು ಕಡೆಯೂ ಒಬ್ಬರಿಗೂ ಏನೂ ಆಗಲಿಲ್ಲ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಆಮೇಲೆ ಕೆಲಸದ ರೀತಿ ಬದಲಾಯಿತು. ಬಾಯಲ್ಲಿ ಹೇಳುತ್ತಾ ಕೂತರೆ ಯುದ್ಧ ಮುಗಿದರೂ ಊರು ಮುಗಿಯುವುದಿಲ್ಲ, ಕರಪತ್ರ ಅಚ್ಚು ಹಾಕಿಸೋಣ ಎಂದರು ಸಾಹೇಬರು. ಪರಂಗಿಗೂ ಮರಗೆಣಸಿಗೂ ಹೋಲಿಕೆ, ನೆಡುವ ಕ್ರಮ, ತಿನ್ನುವ ಕ್ರಮ ಎಲ್ಲವನ್ನೂ ಇಂಗ್ಲಿಷಿನಲ್ಲಿ ಚೊಕ್ಕವಾಗಿ ಬರೆದು, ಕನ್ನಡ ಮಾಡು ಎಂದು ನನ್ನ ಕೈಗೆ ಕೊಟ್ಟರು. ನನಗೆ ಹಿಗ್ಗೋ ಹಿಗ್ಗು. ಶಾಲೆಯಲ್ಲಿ ಕನ್ನಡಕ್ಕೆ ನಾನೇ ಮೊದಲು. ಎರಡು ದಿನ ಕೂತು, ತಿದ್ದಿ ತೀಡಿ ಬರೆದೆ. ತಿನ್ನುವ ಕ್ರಮಕ್ಕೆ ಬಂದಾಗ ಬರೆದ ಸಾಲು ಇದು: "ಸಿಪ್ಪೆ ತೆಗೆದು, ಹೇರಳ ನೀರಿನಲ್ಲಿ ಚೆನ್ನಾಗಿ ಬೇಯಿಸಿ, ಬಸಿದು ಉಪಯೋಗಿಸತಕ್ಕದ್ದು." ಎಷ್ಟು ಅಚ್ಚುಕಟ್ಟಾಗಿದೆ ಎಂದು ನಾನೇ ನಾಲ್ಕು ಸಲ ಓದಿಕೊಂಡೆ.

ಅದನ್ನು ಬರೆದವನು ವಾರಕ್ಕೆ ಎರಡು ದಿನ ಬಸ್ಸಾರು ಉಣ್ಣುತ್ತಿದ್ದ. ನಮ್ಮ ಸೀಮೆಯ ಯಾವ ಮನೆಯಲ್ಲಾದರೂ ಕಾಳನ್ನೋ ಸೊಪ್ಪನ್ನೋ ಬೇಯಿಸಿ ಬಸಿದರೆ, ಬಸಿಯುವುದು ನೀರಿಗಾಗಿಯೇ. ಮೇಲೆ ಉಳಿದದ್ದು ಪಲ್ಯ, ಕೆಳಗೆ ಇಳಿದದ್ದು ಸಾರು. ಆ ನೀರನ್ನು ಚೆಲ್ಲಿದ ಸೊಸೆಗೆ ಅತ್ತೆಯ ಬೈಗುಳ ತಪ್ಪಿದ್ದಲ್ಲ. ಇದು ನನ್ನ ನಾಲಗೆಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಬರೆಯುವಾಗ ಕೈಗೆ ಹೊಳೆಯಲಿಲ್ಲ.

ಬಿನ್ನಮಂಗಲದ ಮುನಿಯಮ್ಮನ ಮನೆಗೆ ನಾನು ಹೋದದ್ದು ಆ ಕರಪತ್ರ ಬಂದ ಹೊಸತರಲ್ಲಿ. ಅವರ ರಾಗಿ ಹೊಲವನ್ನು ಮಿಲಿಟರಿಯವರು ಕ್ಯಾಂಪಿಗೆಂದು ತೆಗೆದುಕೊಂಡಿದ್ದರು. ಗಂಡ ಅದೇ ಕ್ಯಾಂಪಿನಲ್ಲಿ, ತನ್ನದೇ ಹೊಲದ ಮೇಲೆ, ಮೂಟೆ ಹೊರುತ್ತಿದ್ದ. ಉಳಿದದ್ದು ಮನೆ, ಹಿತ್ತಲು, ಬಚ್ಚಲ ಬದಿಯಲ್ಲಿ ಎರಡು ಪರಂಗಿ ಮರ. ಗೌರಿ ಎಂದು ನಾಲ್ಕು ವರ್ಷದ ಮಗಳು. ಇನ್ನೂ ಹೆಬ್ಬೆರಳಿನಷ್ಟಿದ್ದ ಒಂದು ಕಾಯಿ ತೋರಿಸಿ "ಅದು ನಂದು" ಎಂದು ನನಗೆ ಎಚ್ಚರಿಕೆ ಕೊಟ್ಟಳು. ನಾನು ಕಿತ್ತುಕೊಂಡು ಹೋಗಲು ಬಂದವನು ಎಂದುಕೊಂಡಿರಬೇಕು.

ಪರಂಗಿ ಕಡಿದು ಮರಗೆಣಸು ಹಾಕಿ ಎಂದೆ. ಮುನಿಯಮ್ಮ ಒಪ್ಪಲಿಲ್ಲ. ಮರ ಅದರ ಪಾಡಿಗೆ ಅದು ಬರುತ್ತದೆ, ಬಚ್ಚಲ ನೀರು ಕುಡಿದುಕೊಂಡು ಇರುತ್ತದೆ, ಕಾಯಿ ಕಿತ್ತರೂ ಮರ ನಿಂತಿರುತ್ತದೆ, ಗೆಣಸು ಕಿತ್ತರೆ ಗುಂಡಿ ಉಳಿಯುತ್ತದೆ ಎಂದಳು. ಇಷ್ಟು ವರ್ಷದಲ್ಲಿ ಹಣ್ಣಿನ ಮರದ ಪರವಾಗಿ ಅದಕ್ಕಿಂತ ಒಳ್ಳೆಯ ವಾದವನ್ನು ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ. ಆದರೆ ನನ್ನ ಹತ್ತಿರ ಎಲ್ಲಕ್ಕೂ ಉತ್ತರವಿತ್ತು. ನಾಳೆ ರೇಷನ್ ಅಂಗಡಿಯಲ್ಲಿ ರಾಗಿ ಇಲ್ಲ ಎಂದರೆ ಮಗುವಿಗೆ ಪರಂಗಿ ಹಣ್ಣು ತಿನ್ನಿಸಿ ಮಲಗಿಸುತ್ತೀಯಾ ಎಂದು ಕೇಳಿದೆ. ಒಂದು ಮರವನ್ನು ಕಡಿಯಲು ಒಪ್ಪಿದಳು, ಗೌರಿಯ ಕಾಯಿ ಇದ್ದ ಮರವನ್ನು ಉಳಿಸಿಕೊಂಡಳು. ಕಡಿದ ಜಾಗದಲ್ಲಿ ಕಡ್ಡಿ ಚುಚ್ಚಿಸಿ, ಕರಪತ್ರವನ್ನು ಪೂರ್ತಿ ಓದಿ ಹೇಳಿ, ಒಲೆಯ ಪಕ್ಕದ ಗೋಡೆಗೆ ಗಂಜಿ ಹಚ್ಚಿ ನಾನೇ ಅಂಟಿಸಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. "ಬೇಯಿಸಿ ಬಸೀಬೇಕು, ಮರೀಬೇಡ" ಎಂದು ಬಾಗಿಲಲ್ಲಿ ನಿಂತು ಇನ್ನೊಮ್ಮೆ ಹೇಳಿದೆ. "ಬಸೀತೀನಿ ಸ್ವಾಮಿ, ಅಷ್ಟೂ ಗೊತ್ತಿಲ್ವಾ" ಎಂದಳು.

ಹತ್ತು ತಿಂಗಳ ಮೇಲೆ, ರೇಷನ್ ಅಂಗಡಿಯಲ್ಲಿ ರಾಗಿ ಬಾರದ ಒಂದು ವಾರದಲ್ಲಿ, ಅವಳು ಮೊದಲ ಗಿಡ ಕಿತ್ತಳು. ಗೆಡ್ಡೆಯ ಸಿಪ್ಪೆ ತೆಗೆದಳು. ಹೇರಳ ನೀರಿನಲ್ಲಿ ಬೇಯಿಸಿದಳು. ಬಸಿದಳು. ಬಸಿದ ನೀರಿಗೆ ಬೆಳ್ಳುಳ್ಳಿ, ಮೆಣಸಿನಕಾಯಿ ಅರೆದು ಹಾಕಿ ಹುಣಸೆಹಣ್ಣು ಹಿಂಡಿ ಸಾರು ಮಾಡಿದಳು. ಖಾರಕ್ಕೂ ಹುಳಿಗೂ ಕಹಿ ಮರೆಯಾಯಿತು. ದೊಡ್ಡವರು ಗೆಣಸು ತಿಂದು ಸಾರನ್ನು ಅಷ್ಟಷ್ಟು ಸುರಿದುಕೊಂಡರು. ಗೌರಿಗೆ ಗೆಣಸು ಸೇರಲಿಲ್ಲ. ಅವಳು ಸಾರನ್ನೇ ಬಟ್ಟಲಲ್ಲಿ ಕುಡಿದು, ಇನ್ನೂ ಬೇಕೆಂದು ಕೇಳಿ, ಇನ್ನೊಂದು ಬಟ್ಟಲು ಕುಡಿದಳು. ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ವಾಂತಿ, ತಲೆಸುತ್ತು. ಗೌರಿಗೆ ಉಸಿರಾಡುವುದೇ ಕಷ್ಟವಾಯಿತು. ಜಟಕಾ ಹಿಡಿದು ದಂಡಿನ ಆಸ್ಪತ್ರೆಗೆ ಹೊರಟರು. ಹಲಸೂರು ಮುಟ್ಟುವ ಮೊದಲೇ ಗಂಡ ಜಟಕಾ ತಿರುಗಿಸಲು ಹೇಳಿದನಂತೆ.

ನನಗೆ ಸುದ್ದಿ ಬಂದದ್ದು ಮಾರನೆಯ ದಿನ ಆಫೀಸಿನಲ್ಲಿ. ಮಗು ಸತ್ತಿದೆ ಎಂದಷ್ಟೇ ಹೇಳಿದ್ದರೆ ಹೇಗಾದರೂ ತಡೆದುಕೊಳ್ಳುತ್ತಿದ್ದೆನೇನೋ. ಗೆಣಸು ಬಸಿದ ನೀರಿನಲ್ಲಿ ಸಾರು ಮಾಡಿದ್ದರಂತೆ ಎಂದ, ಸುದ್ದಿ ತಂದ ಜವಾನ. ನಾನು ಕರಪತ್ರದ ಕಟ್ಟು ಬಿಚ್ಚಿ ನನ್ನ ಸಾಲನ್ನು ಓದಿದೆ.

ವಿಚಾರಣೆಗೆ ಸಾಹೇಬರೇ ಬಂದರು, ಜೊತೆಗೆ ಆರೋಗ್ಯ ಇಲಾಖೆಯ, ಕನ್ನಡ ಬಾರದ ಇನ್ನೊಬ್ಬರು. ಮುನಿಯಮ್ಮನ ಹಿತ್ತಲಲ್ಲಿ ಅವರಿಬ್ಬರಿಗೂ ಕುರ್ಚಿ ಹಾಕಿದ್ದರು. ದುಭಾಷಿ ಬೇಕಲ್ಲ, ಅದಕ್ಕೆ ನಾನು. ನಾನಲ್ಲದೆ ಬೇರೆ ಯಾರಾದರೂ ಆಗಿದ್ದರೆ ಅಂದಿನ ಮಾತು ಬೇರೆಯೇ ಆಗುತ್ತಿತ್ತು.

ಕರಪತ್ರದಲ್ಲಿ ಹೇಳಿದಂತೆ ಮಾಡಿದೆಯಾ ಎಂದು ಸಾಹೇಬರು ನನ್ನಿಂದ ಕೇಳಿಸಿದರು.

"ಮಾಡ್ದೆ ಸ್ವಾಮಿ. ನೀವು ಬಸೀಬೇಕು ಅಂದ್ರಿ, ಬಸ್ದೆ. ಆ ನೀರ್ನಾಗೆ ಸಾರು ಮಾಡ್ದೆ" ಎಂದಳು. ಅವಳು ನೋಡುತ್ತಿದ್ದದ್ದು ನನ್ನನ್ನು, ಸಾಹೇಬರನ್ನಲ್ಲ.

ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಆಕೆ ನೀರನ್ನು ಚೆಲ್ಲಲಿಲ್ಲ, ಅದರಲ್ಲೇ ಸಾರು ಮಾಡಿದಳು. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನೀವು ಅಂದ್ರಿ ಎಂಬುದನ್ನೂ ಬಸ್ದೆ ಎಂಬುದನ್ನೂ ನಾನು ನುಂಗಿಕೊಂಡೆ. ಸಾಹೇಬರು ಸೂಚನೆ ಪಾಲಿಸಿಲ್ಲ ಎಂದು ಬರೆದುಕೊಂಡು, ಮರುಕದಿಂದ ತಲೆಯಾಡಿಸಿ, ಮುಂದೆ ಸೂಚನೆಯಂತೆ ನಡೆಯಬೇಕೆಂದು ಆಕೆಗೆ ಮೆಲುವಾಗಿ ತಿಳಿಸು ಎಂದರು. ನಾನು ತಿಳಿಸಿದೆ. "ಮುಂದಕ್ಕೆ ಹೇಳಿದಂಗೆ ಮಾಡ್ಬೇಕಂತೆ ಮುನಿಯಮ್ಮ" ಎಂದೆ.

"ಬಸ್ದೆನಲ್ಲ" ಎಂದು ತನಗೆ ತಾನೇ ಹೇಳಿಕೊಂಡಳು. ಅದನ್ನು ಕನ್ನಡ ಬಲ್ಲ ನಾನೊಬ್ಬನೇ ಕೇಳಿಸಿಕೊಂಡೆ, ಯಾರಿಗೂ ಭಾಷಾಂತರ ಮಾಡಲಿಲ್ಲ. ವರದಿಯ ಕೆಳಗೆ ನನ್ನ ರುಜುವೂ ಬಿತ್ತು. ಆ ವರ್ಷದ ಕೊನೆಯಲ್ಲಿ ನನಗೆ ಮೊದಲ ಬಡ್ತಿ ಸಿಕ್ಕಿತು. ಬಡ್ತಿಯ ವಿಷಯ ಬರೆಯುವುದಿಲ್ಲ ಎಂದೆ, ಇದೊಂದನ್ನು ಬರೆಯದೆ ಇರಲಾಗಲಿಲ್ಲ.

ಹೆದರಿಕೆಯೇ ಕಾರಣ. ಮನೆಯಲ್ಲಿ ಉಣ್ಣುವವರು ಏಳು ಜನ, ದುಡಿಯುವವನು ನಾನೊಬ್ಬ. ಈ ಮಾತನ್ನು ಕಾರಣವೆಂದು ಹೇಳುತ್ತಿದ್ದೇನೆ, ಸಮಾಧಾನಕ್ಕಲ್ಲ. ಮುನಿಯಮ್ಮನ ಮನೆಯಲ್ಲೂ ದುಡಿಯುವವನು ಒಬ್ಬನೇ ಇದ್ದ.

ಕರಪತ್ರ ಹಿಂದಕ್ಕೆ ತರಿಸಬೇಕಾದರೆ ತಪ್ಪು ಎಲ್ಲಿದೆ ಎಂದು ಹೇಳಬೇಕಾಗುತ್ತಿತ್ತು. ಹೇಳುವ ಧೈರ್ಯವಿಲ್ಲದ್ದರಿಂದ ಒಂದು ಮಸಿಯ ಪೆನ್ನು ಜೇಬಿಗಿಟ್ಟುಕೊಂಡು ನಾನೇ ಹೊರಟೆ. ದೂಪನಹಳ್ಳಿ, ಕೋಡಿಹಳ್ಳಿ, ದೊಮ್ಮಲೂರು, ಇತ್ತ ಕೃಷ್ಣರಾಜಪುರದ ತನಕ, ಕರಪತ್ರ ಹಂಚಿದ ಮನೆಗಳಿಗೆಲ್ಲ ಹೋಗಿ ಬಸಿದು ಎಂಬುದನ್ನು ಹೊಡೆದು, ನೀರು ನೆಲಕ್ಕೆ ಚೆಲ್ಲಿ, ಆ ನೀರು ವಿಷ ಎಂದು ಬರೆದೆ. ಕೆಲವರು ಆ ಕಾಗದದಲ್ಲಿ ಕಡಲೆಪುರಿ ಕಟ್ಟಿ ಮುಗಿಸಿದ್ದರು. ಕೋಡಿಹಳ್ಳಿಯ ಒಂದು ಮನೆಯಲ್ಲಿ ಬಸಿದ ನೀರು ಒಲೆಯ ಮೇಲೇ ಇತ್ತು, ಒಗ್ಗರಣೆ ಸಿಡಿಯುತ್ತಿತ್ತು. ನಾನು ಕೇಳದೆ ಹೇಳದೆ ಒಳಗೆ ನುಗ್ಗಿ, ಬರಿಗೈಯಲ್ಲಿ ಪಾತ್ರೆ ಎತ್ತಿ ಹಿತ್ತಲಿಗೆ ಸುರಿದೆ. ಆ ಮನೆಯಾಕೆ ನನ್ನ ಸುಟ್ಟ ಕೈಗೆ ಎಣ್ಣೆ ಹಚ್ಚುತ್ತಾ, "ಬಿನ್ನಮಂಗಲದ ಮುನಿಯಮ್ಮ ಏಳ್ತಾ ಇದ್ಲು ಸ್ವಾಮಿ. ಮೇಷ್ಟ್ರು ಸರ್ಯಾಗೇ ಏಳಿದ್ರು, ನಾನೇ ಪಾಪಿ, ಕಿವಿಗಾಕ್ಕೊಳ್ಳಲಿಲ್ಲ ಅಂತ. ಅದ್ಕೇ ನಾನು ಏಳಿದಂಗೇ ಬಸ್ದಿದ್ದೆ" ಎಂದಳು. ಮುನಿಯಮ್ಮ ಹಾಗೆ ಸುತ್ತಲಿನ ಹಳ್ಳಿಗಳ ಹೆಂಗಸರಿಗೆಲ್ಲ ಹೇಳುತ್ತಿದ್ದಳಂತೆ, ಇನ್ನೊಂದು ಮಗುವಿಗೆ ಹೀಗಾಗದಿರಲಿ ಎಂದು.

ಮೊಮ್ಮಗಳೇ, ನಿನ್ನ ಆ ಒಂದು ಪುಟಕ್ಕೆ ಇದನ್ನು ಬರೆದುಕೋ. ಬಚ್ಚಲ ನೀರು ಹರಿಯುವ ಮೂಲೆ ಇದ್ದರೆ ಪರಂಗಿ ಹಾಕಿಸು. ಮರ ಕಣ್ಣೆದುರು ಇರುತ್ತದೆ, ಹಣ್ಣಾದದ್ದು ಮಗುವಿಗೂ ಕಾಣುತ್ತದೆ. ಹೊಟ್ಟೆಗಿಲ್ಲದ ಮನೆಯಾದರೆ ಗೆಡ್ಡೆಯೇ ಸರಿ. ಆದರೆ ಹಾಕಿಸುವ ಮೊದಲು ಹಿತ್ತಲು ನೋಡಿದಷ್ಟೇ ಅಡುಗೆಮನೆಯನ್ನೂ ನೋಡು. ನೀನು ಹೇಳಿದ್ದನ್ನು ಆಕೆಯ ಬಾಯಲ್ಲಿ ವಾಪಸು ಹೇಳಿಸು, ಆಮೇಲೆ ಏನು ಮಾಡ್ತೀಯಮ್ಮಾ ಎಂದು ಒಂದು ಮಾತು ಹೆಚ್ಚಿಗೆ ಕೇಳು. ನಾನು ಅಂದು ಬಾಗಿಲಲ್ಲಿ ನಿಂತು, ಬಸಿದ ಮೇಲೆ ಏನು ಮಾಡ್ತೀಯ ಎಂದು ಕೇಳಿದ್ದರೆ, ಸಾರು ಮಾಡ್ತೀನಿ ಎಂದು ಅವಳು ಹೇಳಿಬಿಡುತ್ತಿದ್ದಳು. ಬಾರದ ಭಾಷೆಯಲ್ಲಿ ನಾನು ತಡವರಿಸಿ ಹೇಳಿದವರೆಲ್ಲ ಬದುಕಿದರು. ನನ್ನ ಮಾತನ್ನೇ ಆಡುವ ಮನೆಯಲ್ಲಿ ಮಗು ಸತ್ತಿತು.

ಪೆನ್ನು ಹಿಡಿದು ಎಲ್ಲ ಮನೆಗೂ ಹೋದವನು ಮುನಿಯಮ್ಮನ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಎಲ್ಲ ಹೇಳಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿಯೇ ಹೋದೆ. ಮರಗೆಣಸಿನ ಗಿಡಗಳನ್ನೆಲ್ಲ ಕಿತ್ತು ಬಿಸಾಕಿದ್ದರು, ಗುಂಡಿಗಳು ಹಾಗೇ ಬಾಯಿ ಬಿಟ್ಟುಕೊಂಡಿದ್ದವು. ಉಳಿದ ಪರಂಗಿ ಮರದಲ್ಲಿ ಒಂದು ಹಣ್ಣು ಮರದಲ್ಲೇ ಕಳಿತು, ಹಕ್ಕಿಗಳು ಅರ್ಧ ತಿಂದಿದ್ದವು. ಯಾರೂ ಅದನ್ನು ಕಿತ್ತಿರಲಿಲ್ಲ.

ಮುನಿಯಮ್ಮ ನನ್ನನ್ನು ನೋಡಿ ಚಾಪೆ ಹಾಸಿದಳು. ನಾನು ಕೂರಲಿಲ್ಲ. ಒಲೆಯ ಪಕ್ಕ ಕರಪತ್ರ ಹೊಗೆ ಹಿಡಿದು ಅಂಟಿಕೊಂಡೇ ಇತ್ತು. ಪೆನ್ನು ತೆಗೆದು ಆ ಒಂದು ಮಾತನ್ನು ಹೊಡೆದುಹಾಕಿ ಮೇಲೆ ಬರೆದೆ.

"ಏನು ಬರದ್ರಿ ಸ್ವಾಮಿ?" ಎಂದು ಹಿಂದಿನಿಂದ ಕೇಳಿದಳು.

"ಅಕ್ಷರ ತಪ್ಪಿತ್ತು. ತಿದ್ದಿದೆ" ಎಂದೆ.

ಅವಳು ಹತ್ತಿರ ಬಂದು, ಒದ್ದೆ ಮಸಿಗೆ ತಾಗದಂತೆ ಬೆರಳು ದೂರ ಹಿಡಿದು, ಆ ಕಾಗದವನ್ನು ಬಹಳ ಹೊತ್ತು ನೋಡಿದಳು.

"ನಂಗೆ ಓದಾಕ್ ಬಂದಿದ್ರೆ ನಮ್ಮ ಗೌರಿ ಉಳ್ಕೊತಿದ್ಲು, ಅಲ್ವಾ ಸ್ವಾಮಿ?" ಎಂದಳು.

ನಾನು ಪೆನ್ನಿನ ಮುಚ್ಚಳ ಹಾಕಿ, ಹೂಂ ಎಂದೆ.